ಬೇಕರಿ ಲೆಕ್ಕದಿಂದ ಇಆರ್‌ಪಿವರೆಗೆ: ವ್ಯವಹಾರ ನಿರ್ವಹಣಾ ತಂತ್ರಾಂಶ ಅಳವಡಿಕೆಯ ಚಾರಿತ್ರಿಕ ಅಧ್ಯಯನ

ಪೀಠಿಕೆ

ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಒಂದೇ ವ್ಯವಸ್ಥೆಯಡಿ ತರುವ ತಂತ್ರಾಂಶವನ್ನು ಇಂದು ಇಆರ್‌ಪಿ ಎಂದು ಕರೆಯುತ್ತೇವೆ. ಇದರ ಚರಿತ್ರೆಯನ್ನು ಹೆಚ್ಚಾಗಿ ಯಂತ್ರಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಮೇನ್‌ಫ್ರೇಮ್ ಹೋಗಿ ಸರ್ವರ್ ಬಂತು, ಈಗ ಕ್ಲೌಡ್ ಬಂದಿದೆ ಎಂಬುದು ಅದರ ಸಾಮಾನ್ಯ ಧಾಟಿ. ಹೀಗೆ ಬರೆಯುವಾಗ ಮುಖ್ಯವಾದ ಒಂದು ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಒಂದೇ ತಂತ್ರಾಂಶ ಕೊಂಡವರಲ್ಲಿ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ ಆಗುವುದೇಕೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಪ್ರಸ್ತುತ ಲೇಖನವು ಮೂರು ಘಟ್ಟಗಳನ್ನು ಪರಿಶೀಲಿಸುತ್ತದೆ: 1951ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕೆ ತೊಡಗಿದ ಲಿಯೋ ಕಂಪ್ಯೂಟರ್, 1960–70ರ ದಶಕಗಳಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಬೆಳೆದ, ಸಾಮಗ್ರಿ ಅಗತ್ಯಗಳ ಯೋಜನಾ ವಿಧಾನವಾದ ಎಂಆರ್‌ಪಿ, ಮತ್ತು 1990ರ ನಂತರದ ಇಆರ್‌ಪಿ. ತಂತ್ರಾಂಶದ ಪ್ರತಿಫಲ ಬಹುಮಟ್ಟಿಗೆ ನಿರ್ಧಾರವಾಗುವುದು ಅದು ಚಾಲನೆಗೊಳ್ಳುವ ಮೊದಲೇ, ಸಂಸ್ಥೆ ತನ್ನ ಕೆಲಸವನ್ನು ತಾನೇ ಕೂಲಂಕಷವಾಗಿ ನೋಡಿಕೊಳ್ಳುವ ಹಂತದಲ್ಲಿ ಎಂಬುದು ಈ ಲೇಖನದ ವಾದ.

1. ಲಿಯೋ: ಲೆಕ್ಕ ಹಾಕಿ ಇಟ್ಟ ಹೆಜ್ಜೆ

ಕಂಪ್ಯೂಟರನ್ನು ದಿನನಿತ್ಯದ ವ್ಯವಹಾರಕ್ಕೆ ಮೊದಲು ಹಚ್ಚಿದ್ದು ಬ್ಯಾಂಕೂ ಅಲ್ಲ, ಉಕ್ಕಿನ ಕಾರ್ಖಾನೆಯೂ ಅಲ್ಲ. ಚಹಾ, ಕೇಕು, ಬ್ರೆಡ್ಡು ಮಾರುತ್ತಿದ್ದ ಜೆ. ಲಯನ್ಸ್ ಅಂಡ್ ಕಂಪನಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಬಳಿಯ ಕ್ಯಾಡ್ಬಿ ಹಾಲ್ ಅದರ ಕೇಂದ್ರ. ಒಂದೊಂದು ಮಾರಾಟದಲ್ಲಿ ಸಿಗುವ ಲಾಭ ಅತ್ಯಲ್ಪ, ಮಾರಾಟಗಳ ಸಂಖ್ಯೆ ಅಪಾರ. ಹೀಗಾಗಿ ಗುಮಾಸ್ತರ ಕೆಲಸಕ್ಕೆ ತಗಲುವ ಖರ್ಚು ಆಡಳಿತದ ಕಣ್ಣಿಗೆ ಸದಾ ಬೀಳುತ್ತಿತ್ತು. ಕೇಂಬ್ರಿಜ್‌ನಲ್ಲಿ ಗಣಿತ ಓದಿ 1923ರಲ್ಲಿ ಕಂಪನಿ ಸೇರಿದ ಜಾನ್ ಸಿಮ್ಮನ್ಸ್ ಅವರ ಮೇಲ್ವಿಚಾರಣೆಯಲ್ಲಿ, 1930ರ ದಶಕದಲ್ಲಿಯೇ ಅಲ್ಲೊಂದು ‘ಸಿಸ್ಟಮ್ಸ್ ರಿಸರ್ಚ್’ ಕಚೇರಿ ರೂಪುಗೊಂಡಿತ್ತು. ಕಂಪನಿಯೊಳಗಿನ ಒಂದೊಂದು ಕಾಗದವೂ ಎಲ್ಲಿ ಹುಟ್ಟುತ್ತದೆ, ಯಾರ ಕೈಗೆ ಹೋಗುತ್ತದೆ, ಯಾವ ನಿರ್ಧಾರಕ್ಕೆ ನೆರವಾಗುತ್ತದೆ ಎಂದು ಪರಿಶೀಲಿಸುವುದೇ ಅದರ ಕೆಲಸ. ಕಂಪ್ಯೂಟರ್ ಎಂಬ ಯಂತ್ರ ಕಂಪನಿಗೆ ಬರುವ ಮೊದಲೇ ಕೆಲಸದ ಕ್ರಮ ಅಲ್ಲಿ ಸ್ಪಷ್ಟವಾಗಿತ್ತು.

1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳಾದ ಟಿ. ಆರ್. ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫೋರ್ಡ್ ಕಚೇರಿ ವಿಧಾನಗಳ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋದರು. ಪ್ರಿನ್ಸ್‌ಟನ್‌ನಲ್ಲಿ ಕಂಪ್ಯೂಟರ್ ತಜ್ಞ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, ತಮ್ಮ ದೇಶದ ಕೇಂಬ್ರಿಜ್‌ನಲ್ಲಿಯೇ ಮಾರಿಸ್ ವಿಲ್ಕ್ಸ್ ಅವರ ತಂಡ ಎಡ್‌ಸ್ಯಾಕ್ ಎಂಬ ಯಂತ್ರ ಕಟ್ಟುತ್ತಿರುವ ಸಂಗತಿ ತಿಳಿಯಿತು. ಹಿಂದಿರುಗಿ ಅವರು ಕೊಟ್ಟ ವರದಿಯಲ್ಲಿ ಯಂತ್ರಕ್ಕೆ ತಗಲುವ ವೆಚ್ಚ ಸುಮಾರು 1,00,000 ಪೌಂಡ್, ವರ್ಷಕ್ಕೆ ಆಗಬಹುದಾದ ಉಳಿತಾಯ ಸುಮಾರು 50,000 ಪೌಂಡ್ ಎಂಬ ಅಂದಾಜಿತ್ತು. ವ್ಯವಹಾರ ಕಂಪ್ಯೂಟರೀಕರಣದ ಚರಿತ್ರೆಯಲ್ಲಿ ವೆಚ್ಚ ಮತ್ತು ಫಲವನ್ನು ಎದುರುಬದುರಾಗಿ ಇಟ್ಟು ನೋಡಿದ ಅತ್ಯಂತ ಹಳೆಯ ಅಂದಾಜುಗಳಲ್ಲಿ ಇದೂ ಒಂದು.

ಇಷ್ಟಾದರೂ ಕಂಪನಿ ದುಡುಕಲಿಲ್ಲ. ಮೊದಲು 3,000 ಪೌಂಡ್ ನೆರವನ್ನೂ ತನ್ನ ಒಬ್ಬ ತಂತ್ರಜ್ಞನನ್ನೂ ಕೇಂಬ್ರಿಜ್‌ಗೆ ಒದಗಿಸಿತು. 1949ರ ಮೇ 6ರಂದು ಎಡ್‌ಸ್ಯಾಕ್ ತನ್ನ ಮೊದಲ ಪ್ರೋಗ್ರಾಂ ಯಶಸ್ವಿಯಾಗಿ ನಡೆಸಿದ ಮೇಲೆಯೇ ಲಿಯೋ ಎಂಬ ಸ್ವಂತ ಯಂತ್ರದ ನಿರ್ಮಾಣದಲ್ಲಿ ಪೂರ್ಣವಾಗಿ ತೊಡಗಿತು. ಯಂತ್ರದ ಹೊಣೆ ಎಂಜಿನಿಯರ್ ಜಾನ್ ಪಿಂಕರ್ಟನ್ ಅವರದು. ಅದಕ್ಕೆ ಕೆಲಸ ಕಲಿಸುವ ಹೊಣೆ ಬಿದ್ದದ್ದು ಕಂಪನಿಯ ಒಳಹೊರಗು ಬಲ್ಲ ಡೇವಿಡ್ ಕ್ಯಾಮಿನರ್ ಅವರ ಮೇಲೆ. ವ್ಯವಹಾರ ಗೊತ್ತಿದ್ದವರೇ ಪ್ರೋಗ್ರಾಂ ಬರೆಸಿದರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಮೊದಲು ಆರಿಸಿಕೊಂಡ ಕೆಲಸ ಬೇಕರಿಯ ಮೌಲ್ಯಮಾಪನ, ಅಂದರೆ ವಾರದಲ್ಲಿ ತಯಾರಾದ ಬ್ರೆಡ್ಡು, ಕೇಕುಗಳ ಬೆಲೆಯ ಲೆಕ್ಕ. ಲೆಕ್ಕ ಸರಳ, ತಪ್ಪಾದರೆ ತಿದ್ದಲು ಅವಕಾಶವುಂಟು, ಯಾರ ಸಂಬಳವೂ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಪ್ರಾಯೋಗಿಕವಾಗಿ ನಡೆಸಿ, 1951ರ ನವೆಂಬರ್ ಕೊನೆಯಲ್ಲಿ ಆ ಲೆಕ್ಕವನ್ನು ಪೂರ್ತಿಯಾಗಿ ಲಿಯೋಗೆ ಒಪ್ಪಿಸಲಾಯಿತು. ಸಂಬಳದ ಬಟವಾಡೆ ಲೆಕ್ಕ ಅದರ ಕೈಗೆ ಹೋದದ್ದು 1954ರಲ್ಲಿ. ಅನುಭವಿ ಗುಮಾಸ್ತರೊಬ್ಬರಿಗೆ ಒಬ್ಬ ನೌಕರನ ಸಂಬಳ ಲೆಕ್ಕ ಹಾಕಲು 8 ನಿಮಿಷ ಹಿಡಿಯುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗಿತ್ತು.

ವೇಗಕ್ಕಿಂತ ದೊಡ್ಡ ಗಳಿಕೆ ಕಾಣುವುದು ಚಹಾ ಅಂಗಡಿಗಳ ಸರಬರಾಜಿನಲ್ಲಿ. ಪ್ರತಿ ಅಂಗಡಿಯೂ ನಿತ್ಯ ತನಗೆ ಬೇಕಾದ ಸಾಮಾನಿನ ಪೂರ್ತಿ ಪಟ್ಟಿ ಬರೆದು ಕಳಿಸುವ ಪದ್ಧತಿ ಹೋಯಿತು. ವಾರದ ಆಯಾ ದಿನಕ್ಕೆ ಒಂದು ವಾಡಿಕೆಯ ಪಟ್ಟಿ ಯಂತ್ರಕ್ಕೆ ಗೊತ್ತಿರುತ್ತಿತ್ತು. ಅಂಗಡಿಯ ವ್ಯವಸ್ಥಾಪಕಿ ನಿಗದಿತ ಹೊತ್ತಿನಲ್ಲಿ ದೂರವಾಣಿಯಲ್ಲಿ ಆ ಪಟ್ಟಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ತಿಳಿಸಿದರೆ ಸಾಕು. ಕೇಳಿಸಿಕೊಳ್ಳುತ್ತಲೇ ಆಪರೇಟರ್ ಅದನ್ನು ಕಾರ್ಡಿನ ಮೇಲೆ ಪಂಚ್ ಮಾಡುತ್ತಿದ್ದಳು. ಅದೇ ಮಾಹಿತಿಯಿಂದ ತಯಾರಿಕೆ, ಪ್ಯಾಕಿಂಗ್, ಸಾಗಣೆ, ಲೆಕ್ಕಪತ್ರ ಎಲ್ಲವೂ ನಡೆಯುತ್ತಿದ್ದವು. ಹಳೆಯ ಪದ್ಧತಿಯನ್ನು ಇದ್ದಹಾಗೆ ಯಂತ್ರಕ್ಕೆ ಏರಿಸಿದ್ದರೆ ಈ ಫಲ ಸಿಗುತ್ತಿರಲಿಲ್ಲ.

2. ಎಂಆರ್‌ಪಿ: ಉಗ್ರಾಣದ ಸತ್ಯ

ಎರಡನೆಯ ಘಟ್ಟ ಕಾರ್ಖಾನೆಗಳದು. ಚೆಕೊಸ್ಲೊವಾಕಿಯಾ ಮೂಲದ ಜೋಸೆಫ್ ಆರ್ಲಿಕಿ 1960ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್ ರಾಜ್ಯದ ಜೆ. ಐ. ಕೇಸ್ ಟ್ರ್ಯಾಕ್ಟರ್ ಕಂಪನಿಯಲ್ಲಿ ಕೆಲಸ ಮಾಡುತ್ತ ಎಂಆರ್‌ಪಿ ವಿಧಾನ ರೂಪಿಸಿದರು. ಅಲ್ಲಿಯವರೆಗೆ ಪ್ರತಿ ಬಿಡಿಭಾಗಕ್ಕೂ ಒಂದು ಕನಿಷ್ಠ ಮಟ್ಟ ಗೊತ್ತುಮಾಡಿ, ದಾಸ್ತಾನು ಅಷ್ಟಕ್ಕೆ ಇಳಿದೊಡನೆ ಹೊಸದಕ್ಕೆ ಆರ್ಡರ್ ಕೊಡುವುದು ರೂಢಿ. ಆರ್ಲಿಕಿ ತೋರಿಸಿಕೊಟ್ಟದ್ದು ಇದು: ಟ್ರ್ಯಾಕ್ಟರಿಗೆ ಬರುವ ಬೇಡಿಕೆಯನ್ನು ಅಂದಾಜು ಮಾಡಬೇಕಾಗುತ್ತದೆ, ಆದರೆ ಅದರ ಚಕ್ರ, ಗೇರುಗಳಿಗೆ ಬರುವ ಬೇಡಿಕೆಯನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಯಾವ ವಾರ ಎಷ್ಟು ಟ್ರ್ಯಾಕ್ಟರ್ ಜೋಡಿಸಬೇಕೆಂದು ಗೊತ್ತಾದರೆ, ಯಾವ ಭಾಗ ಎಷ್ಟು, ಯಾವಾಗ ಬೇಕು ಎಂಬುದು ತಾನಾಗಿ ಹೊರಡುತ್ತದೆ. 1975ರಲ್ಲಿ ಅವರು ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು.

ತತ್ತ್ವ ಸರಿಯಿದ್ದರೂ ಅನೇಕ ಕಾರ್ಖಾನೆಗಳಲ್ಲಿ ಫಲ ಕಾಣಲಿಲ್ಲ. ಲೆಕ್ಕಕ್ಕೆ ಆಧಾರವಾದ ಎರಡು ದಾಖಲೆಗಳೇ ನಂಬುವಂತಿರಲಿಲ್ಲ: ಒಂದು ವಸ್ತುವಿಗೆ ಯಾವ ಯಾವ ಭಾಗ ಬೇಕೆಂಬ ಪಟ್ಟಿ, ಅಂದರೆ ಬಿಲ್ ಆಫ್ ಮೆಟೀರಿಯಲ್ಸ್, ಮತ್ತು ಸ್ಟೋರ್ಸ್‌ನ ದಾಸ್ತಾನು ಲೆಕ್ಕ. ಪುಸ್ತಕದಲ್ಲಿ 40 ಇದ್ದು ಕಪಾಟಿನಲ್ಲಿ 25 ಇದ್ದರೆ, ಕಂಪ್ಯೂಟರ್ ಅತ್ಯಂತ ವೇಗವಾಗಿ ತಪ್ಪು ಆರ್ಡರ್ ಮುದ್ರಿಸಿ ಕೊಡುತ್ತದೆ. ಎಂಆರ್‌ಪಿ ಸಲಹೆಗಾರ ಆಲಿವರ್ ವೈಟ್ 1970ರ ದಶಕದಲ್ಲಿ ಕಾರ್ಖಾನೆಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುವ ಪ್ರಶ್ನಾವಳಿ ಸಿದ್ಧಪಡಿಸಿದ್ದು ಇದೇ ಕಾರಣಕ್ಕೆ. ದಾಸ್ತಾನು ದಾಖಲೆ ಶೇ. 95ರಷ್ಟು, ಭಾಗಪಟ್ಟಿ ಶೇ. 98ರಷ್ಟು ನಿಖರವಾಗಿರಬೇಕೆಂಬುದು ಅವರ ಪರಂಪರೆಯಲ್ಲಿ ನೆಲೆನಿಂತ ಮಾನದಂಡ. ಇವುಗಳಲ್ಲಿ ಒಂದೂ ಕಂಪ್ಯೂಟರಿನ ಗುಣವಲ್ಲ ಎಂಬುದನ್ನು ಗಮನಿಸಬೇಕು. ಸ್ಟೋರ್ಸ್‌ಗೆ ಬೀಗವಿದೆಯೇ, ಚೀಟಿಯಿಲ್ಲದೆ ಸಾಮಾನು ಹೊರಹೋಗುತ್ತದೆಯೇ, ದಿನವೂ ಸ್ವಲ್ಪ ಸ್ವಲ್ಪ ಎಣಿಸಿ ತಾಳೆ ನೋಡುವವರು ಯಾರು ಎಂಬ ಪ್ರಶ್ನೆಗಳ ಉತ್ತರವೇ ಆ ಶೇಕಡಾವಾರು.

3. ಇಆರ್‌ಪಿ: ಒಂದೇ ಕಂಪನಿ, ಎರಡು ಫಲಿತಾಂಶ

1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಆರಂಭಿಸಿದರು. ಐಸಿಐ ಕಂಪನಿಯ ಜರ್ಮನ್ ಶಾಖೆ ಅವರ ಮೊದಲ ಗ್ರಾಹಕ. ಪ್ರತಿ ಸಂಸ್ಥೆಗೂ ಹೊಸದಾಗಿ ಪ್ರೋಗ್ರಾಂ ಬರೆಯುವ ಬದಲು ಎಲ್ಲರಿಗೂ ಒಪ್ಪುವ ಸಿದ್ಧ ತಂತ್ರಾಂಶ ಮಾರುವುದು ಅವರ ದಾರಿ. 1990ರಲ್ಲಿ ಗಾರ್ಟ್ನರ್ ಸಂಸ್ಥೆ ಇಆರ್‌ಪಿ ಎಂಬ ಹೆಸರು ಬಳಕೆಗೆ ತಂದಿತು. 1992ರಲ್ಲಿ ಎಸ್‌ಎಪಿಯ ಆರ್/3 ಬಂತು. 2000ನೇ ಇಸವಿ ಹತ್ತಿರವಾದಂತೆ ಹಳೆಯ ಪ್ರೋಗ್ರಾಂಗಳಲ್ಲಿ ತಾರೀಖು ಕೆಡುವ ಭಯ ಹುಟ್ಟಿ, ಕಂಪನಿಗಳು ಗಡುವು ಹಾಕಿಕೊಂಡು ಇಆರ್‌ಪಿಗೆ ಬಂದವು. ಈ ಆತುರದಿಂದಲೇ ಅನೇಕ ಅವಘಡಗಳು ನಡೆದವು.

ಅಮೆರಿಕದ ಚಾಕೊಲೇಟ್ ತಯಾರಕ ಹರ್ಷೀ ಇದಕ್ಕೆ ಪ್ರಸಿದ್ಧ ಉದಾಹರಣೆ. 11.2 ಕೋಟಿ ಡಾಲರಿನ ಯೋಜನೆಗೆ 48 ತಿಂಗಳು ಬೇಕೆಂಬ ಸಲಹೆಯಿದ್ದರೂ ಕಂಪನಿ 30 ತಿಂಗಳ ಗಡುವು ಹಾಕಿಕೊಂಡಿತು. ಆರ್/3 ಸೇರಿ ಮೂರು ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳನ್ನು ಜೋಡಿಸಬೇಕಿತ್ತು. ಏಪ್ರಿಲ್‌ನಲ್ಲಿ ಆಗಬೇಕಿದ್ದ ಚಾಲನೆ 1999ರ ಜುಲೈಗೆ ಜಾರಿತು. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಮಿಠಾಯಿಯ ಆರ್ಡರುಗಳು ಹರಿದುಬರುವ ಕಾಲವದು. ಗೋದಾಮುಗಳಲ್ಲಿ ಸರಕಿತ್ತು, ಆದರೆ ಅಂಗಡಿಗಳಿಗೆ ತಲುಪಲಿಲ್ಲ. ಹಬ್ಬದ ಕಾಲದಲ್ಲಿ ಹೆಚ್ಚಾದ ಸರಕನ್ನು ಸಿಕ್ಕ ಜಾಗದಲ್ಲಿ ಇಡುವ ವಾಡಿಕೆ ಇತ್ತು, ಆ ತಾತ್ಕಾಲಿಕ ಜಾಗಗಳು ಹೊಸ ವ್ಯವಸ್ಥೆಯಲ್ಲಿ ದಾಖಲಾಗಿರಲಿಲ್ಲ ಎಂದು ಆಗಿನ ವಿಶ್ಲೇಷಣೆಗಳು ಗುರುತಿಸಿವೆ. ಕೆಲಸಗಾರರ ತಲೆಯಲ್ಲಿದ್ದ ಮಾಹಿತಿಯನ್ನು ಯೋಜನೆ ಮಾಡಿದವರು ಕೇಳಿ ತಿಳಿದಿರಲಿಲ್ಲ. ಸುಮಾರು 10 ಕೋಟಿ ಡಾಲರಿನ ಆರ್ಡರುಗಳನ್ನು ಪೂರೈಸಲಾಗಲಿಲ್ಲ. ಆ ತ್ರೈಮಾಸಿಕದ ಲಾಭ ಶೇ. 19ರಷ್ಟು ಕುಸಿಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ತಂತ್ರಾಂಶವನ್ನೇ ದೂರಬಹುದಿತ್ತು. ಆದರೆ ಇದೇ ಹರ್ಷೀ ಇದೇ ಆರ್/3ರ ಹೊಸ ಆವೃತ್ತಿಯನ್ನು ಹೆಚ್ಚಿನ ಪರೀಕ್ಷೆ, ಬಿಗಿಯಾದ ಮೇಲ್ವಿಚಾರಣೆಯೊಂದಿಗೆ 11 ತಿಂಗಳಲ್ಲಿ, ಅಂದಾಜಿಗಿಂತ ಶೇ. 20ರಷ್ಟು ಕಡಿಮೆ ವೆಚ್ಚದಲ್ಲಿ ಅಳವಡಿಸಿಕೊಂಡಿತು. 2002ರಲ್ಲಿ ಈ ಯಶಸ್ಸು ವರದಿಯಾಯಿತು. ಕಂಪನಿಯೂ ಅದೇ, ತಂತ್ರಾಂಶವೂ ಅದೇ, ಬದಲಾದದ್ದು ಸಿದ್ಧತೆ. ಇದಕ್ಕೆ ವಿರುದ್ಧವಾಗಿ ಜರ್ಮನಿಯ ಲಿಡ್ಲ್ ಅಂಗಡಿ ಸಮೂಹ ತನ್ನ ದಾಸ್ತಾನನ್ನು ಖರೀದಿ ಬೆಲೆಯಲ್ಲಿ ಲೆಕ್ಕವಿಡುತ್ತಿತ್ತು. ಅದು ಆರಿಸಿಕೊಂಡ ಎಸ್‌ಎಪಿಯ ಸಿದ್ಧ ತಂತ್ರಾಂಶ ಮಾರಾಟ ಬೆಲೆಯನ್ನು ಆಧರಿಸಿತ್ತು. ಈ ಮೂಲಭೂತ ವ್ಯತ್ಯಾಸವನ್ನು ಒಗ್ಗಿಸಲು ತಂತ್ರಾಂಶವನ್ನು ತಿದ್ದುತ್ತ ಹೋಗಿ, ಏಳು ವರ್ಷಗಳ ಬಳಿಕ, ಸುಮಾರು 50 ಕೋಟಿ ಯೂರೋ ವೆಚ್ಚವಾದ ಮೇಲೆ, 2018ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು.

ಉಪಸಂಹಾರ

ಮೂರೂ ಘಟ್ಟಗಳನ್ನು ಒಟ್ಟಿಗೆ ನೋಡಿದಾಗ ನಾಲ್ಕು ಅಂಶಗಳು ಖಚಿತವಾಗುತ್ತವೆ. ಪ್ರತಿಫಲವನ್ನು ಮೊದಲೇ ಅಂಕಿಗಳಲ್ಲಿ ಬರೆದಿಟ್ಟವರಿಗೆ ಮಾತ್ರ ಅದು ಬಂತೋ ಇಲ್ಲವೋ ಎಂದು ಹೇಳಲು ಸಾಧ್ಯ. ಸಣ್ಣ, ತಿದ್ದಬಹುದಾದ ಕೆಲಸದಿಂದ ಆರಂಭಿಸಿದವರು ದೊಡ್ಡ ಕೆಲಸದಲ್ಲಿ ಎಡವುವುದು ಕಡಿಮೆ. ದಾಖಲೆ ಶುದ್ಧವಾಗದೆ ಯಾವ ತಂತ್ರಾಂಶವೂ ಸತ್ಯ ಹೇಳಲಾರದು. ತಂತ್ರಾಂಶಕ್ಕೆ ತಕ್ಕಂತೆ ಕೆಲಸ ಬದಲಿಸಬೇಕೋ, ಕೆಲಸಕ್ಕೆ ತಕ್ಕಂತೆ ತಂತ್ರಾಂಶ ಬದಲಿಸಬೇಕೋ ಎಂಬುದು ಖರೀದಿಗೆ ಮುಂಚೆ ಇತ್ಯರ್ಥವಾಗಬೇಕು.

ಪೀಣ್ಯದ ಯಂತ್ರಭಾಗ ತಯಾರಕರಿಗೂ ಬೆಳಗಾವಿಯ ಫೌಂಡ್ರಿಗಳಿಗೂ ಇಂದು ಇಂಥ ತಂತ್ರಾಂಶ ತಿಂಗಳ ಬಾಡಿಗೆಗೆ ಸಿಗುತ್ತದೆ. ಬೆಲೆ ಇಳಿದ ಮಾತ್ರಕ್ಕೆ ಸಿದ್ಧತೆಯ ಶ್ರಮ ಇಳಿದಿಲ್ಲ. ಮಾಲೀಕರು ಡೆಮೊ ನೋಡಲು ಕೂರುವ ಮೊದಲು ತಮ್ಮ ಸ್ಟೋರ್ಸ್‌ಗೆ ಹೋಗಿ 100 ಬಗೆಯ ಸಾಮಾನು ಎಣಿಸಿ ಪುಸ್ತಕದೊಂದಿಗೆ ತಾಳೆ ನೋಡಲಿ. ಸ್ಟೋರ್‌ಕೀಪರನ್ನೂ ಲೆಕ್ಕದ ಗುಮಾಸ್ತರನ್ನೂ ಕೂರಿಸಿಕೊಂಡು ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಕೇಳಲಿ. ಆ ತಾಳೆ ಸರಿಬರುವವರೆಗೆ ಖರೀದಿಯ ಸಹಿ ಹಾಕದಿರುವುದೇ ವಿವೇಕ.