ತಂಗಿಯ ಆಮಶಂಕೆ, ತಾತನ ಮೂಲವ್ಯಾಧಿ

ಇವತ್ತಿನ ಕಥೆ ನಾವು ಕೆಲಸಕ್ಕೆ ಅಂತ ಬಂದು ನೆಲೆಸಿರೋ ಈ ಚೆನ್ನೈನದ್ದೇ.

ಡಾ. ಮುತ್ತುಲಕ್ಷ್ಮಿ ರೆಡ್ಡಿ 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾದವರು. ಅವರ ತಂಗಿಯ ಕಾಯಿಲೆಯನ್ನ ಮೊದಲು ಆಮಶಂಕೆ ಅಂದುಕೊಂಡರು. ಅದು ಗುದನಾಳದ ಕ್ಯಾನ್ಸರ್ ಆಗಿತ್ತು. 1923ರಲ್ಲಿ ತಂಗಿ ತೀರಿಕೊಂಡರು. ಆ ಸಂಕಟವೇ ಮುಂದೆ, 1954ರಲ್ಲಿ, ಅಡಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆಯಿತು.

ಅದೇ ಕಾಲದಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸರ್ಜನ್ ಲಾಕ್‌ಹಾರ್ಟ್-ಮಮ್ಮರಿ ಒಂದು ವಿಷಯ ಗಮನಿಸಿದರು. ಕೆಲವು ಮನೆತನಗಳಲ್ಲಿ ಕರುಳಿನ ಒಳಗೋಡೆ ಮೇಲೆ ಸಣ್ಣ ಗಂಟುಗಳು, ಅಂದ್ರೆ ಪಾಲಿಪ್‌ಗಳು, ತಲೆಮಾರಿನಿಂದ ತಲೆಮಾರಿಗೆ ಬರ್ತಿದ್ವು. ಹಿಂದೆಯೇ ಕ್ಯಾನ್ಸರ್ ಕೂಡ. 1925ರಲ್ಲಿ ಅಂಥ ಮೂರು ಕುಟುಂಬಗಳ ಬಗ್ಗೆ ಬರೆದರು. ಆಗ ಅವರ ಕೈಲಿದ್ದ ದೊಡ್ಡ ಸಾಧನ ವಂಶವೃಕ್ಷ.

1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಕೊಲೊನೋಸ್ಕೋಪ್ ಮೂಲಕ ತಂತಿ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೇ ಪಾಲಿಪ್ ತೆಗೆದರು. ಹೀಗೆ ಪಾಲಿಪ್ ತೆಗೆಸಿಕೊಂಡವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ 76ರಿಂದ 90% ಕಡಿಮೆ ಅಂತ 1993ರ ಅಮೆರಿಕದ ಅಧ್ಯಯನ ತೋರಿಸಿತು.

ಈಗ ನಮ್ಮ ಮನೆಗೆ ಬರೋಣ. ಊರಲ್ಲಿ ತಾತನಿಗೆ ಇದ್ದದ್ದು "ಮೂಲವ್ಯಾಧಿ", ದೊಡ್ಡಪ್ಪ ಹೋದದ್ದು "ಹೊಟ್ಟೆ ಬೇನೆ"ಯಿಂದ. ರಕ್ತ ಹೋಗೋದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ನಾವೋ ಊರು ಬಿಟ್ಟವರು, ಕೇಳೋದೂ ಇಲ್ಲ. ಇಲ್ಲಿನ ಡಾಕ್ಟರು "ಫ್ಯಾಮಿಲಿ ಹಿಸ್ಟರಿ?" ಅಂದ್ರೆ "ಏನಿಲ್ಲ" ಅಂತೀವಿ. ಏನೂ ಇಲ್ಲ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ.

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ರೆ, ಇಲ್ಲಾ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಸಿಕ್ಕಿದ್ರೆ, ಸಾಮಾನ್ಯವಾಗಿ ಹೇಳೋ ಲೆಕ್ಕ ಇದು: 40ನೇ ವಯಸ್ಸಿಗೆ, ಅಥವಾ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೋಸ್ಕೋಪಿ. ಅಪ್ಪನಿಗೆ 45ಕ್ಕೆ ಬಂದಿದ್ರೆ ನಿಮಗೆ 35ಕ್ಕೆ. ಹತ್ತಾರು ಪಾಲಿಪ್ ಇರೋ ಮನೆತನಗಳಲ್ಲಿ ಇನ್ನೂ ಬೇಗ.

2016ರ ಕೇಂದ್ರ ಸರ್ಕಾರದ ಕ್ಯಾನ್ಸರ್ ತಪಾಸಣಾ ಯೋಜನೆಯಲ್ಲಿ ಇದ್ದದ್ದು ಬಾಯಿ, ಸ್ತನ, ಗರ್ಭಕಂಠ ಮಾತ್ರ. ಕರುಳು ಇಲ್ಲ. ಹಾಗಾಗಿ ಯಾರೋ ಕರೀತಾರೆ ಅಂತ ಕಾಯೋ ಹಾಗಿಲ್ಲ. ಉತ್ತರ ಚೆನ್ನೈನಲ್ಲಿರೋರಿಗೆ ರಾಯಪುರಂ ಕಡೆಯ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆ ಹತ್ತಿರ. ಬರಗಾಲದಲ್ಲಿ ಗಂಜಿ ಹಾಕ್ತಿದ್ದ ಛತ್ರದಿಂದ ಬೆಳೆದ ಆಸ್ಪತ್ರೆ ಅದು. ಕರುಳಿನ ಕಾಯಿಲೆಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗಗಳೇ ಇವೆ.

ಅದಕ್ಕೂ ಮೊದಲು ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಇದನ್ನೂ ಕೇಳಿ: "ತಾತನಿಗೆ ನಿಜವಾಗ್ಲೂ ಏನಾಗಿತ್ತಮ್ಮಾ? ಆಗ ಅವರಿಗೆ ಎಷ್ಟು ವಯಸ್ಸು?"