ನೂರೈವತ್ತು ವರ್ಷದ ಮೀನು

ಸಮುದ್ರದ ತಳ ಅಂದರೆ ಮರಳು ಹಾಸಿದ ಬಯಲು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಅಲ್ಲಿ ಸಾವಿರಾರು ಬೆಟ್ಟಗಳಿವೆ. ಹೆಚ್ಚಿನವು ಆರಿಹೋದ ಜ್ವಾಲಾಮುಖಿಗಳು. ಸಾವಿರ ಮೀಟರ್‌ಗೂ ಹೆಚ್ಚು ಎತ್ತರವಿದ್ದರೂ ತುದಿ ನೀರಿನೊಳಗೇ ಮುಳುಗಿರುತ್ತದೆ. ಇವಕ್ಕೆ ಸೀಮೌಂಟ್ ಅನ್ನುತ್ತಾರೆ. ಕೆಲವು ದಿನಗಳಿಂದ ಇವುಗಳ ಬಗ್ಗೆ ಓದುತ್ತಿದ್ದೇನೆ. ಓದುತ್ತಾ ಹೋದಂತೆ ಬೆಟ್ಟಕ್ಕಿಂತ ಹೆಚ್ಚಾಗಿ ಅಲ್ಲಿನ ಒಂದು ಮೀನಿನ ಕಥೆ ತಲೆಯಲ್ಲಿ ಕೂತುಬಿಟ್ಟಿತು.

ಮೊದಲು ಬೆಟ್ಟಗಳು ಸಿಕ್ಕ ಕಥೆ. ಎರಡನೇ ಮಹಾಯುದ್ಧದಲ್ಲಿ ಹ್ಯಾರಿ ಹೆಸ್ ಎಂಬ ಅಮೆರಿಕದ ಭೂವಿಜ್ಞಾನಿ ಪೆಸಿಫಿಕ್ ಸಾಗರದಲ್ಲಿ ಒಂದು ನೌಕಾಪಡೆಯ ಹಡಗಿನ ಕ್ಯಾಪ್ಟನ್ ಆಗಿದ್ದ. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರವನ್ನು ಈ ಪುಣ್ಯಾತ್ಮ ದಾರಿಯುದ್ದಕ್ಕೂ ಚಾಲೂ ಇಟ್ಟಿದ್ದ. ಯುದ್ಧ ಮುಗಿಯುವಷ್ಟರಲ್ಲಿ ತಲೆ ಚಪ್ಪಟೆಯಾದ ಎಷ್ಟೋ ಬೆಟ್ಟಗಳು ಅವನ ಲೆಕ್ಕಕ್ಕೆ ಸಿಕ್ಕಿದ್ದವು. ಇವು ಒಂದು ಕಾಲದ ದ್ವೀಪಗಳು, ಅಲೆಗಳ ಹೊಡೆತಕ್ಕೆ ಸವೆದು ಆಮೇಲೆ ಮುಳುಗಿದವು ಅಂತ 1946ರಲ್ಲಿ ಬರೆದ.

ಹೆಸ್ ಕಂಡಿದ್ದು ಕಲ್ಲನ್ನು ಮಾತ್ರ. ಆ ಕಲ್ಲಿನ ಮೇಲೆ ಯಾರಿದ್ದಾರೆ ಅಂತ ವಿಜ್ಞಾನಿಗಳು ಸರಿಯಾಗಿ ನೋಡುವ ಮೊದಲೇ ಮೀನುಗಾರಿಕೆ ಹಡಗುಗಳು ಅಲ್ಲಿಗೆ ಹೋಗಿಬಿಟ್ಟವು. ಆಳದ ಪ್ರವಾಹ ಬೆಟ್ಟಕ್ಕೆ ಬಡಿದು ತಿರುಗುವಾಗ ಆಹಾರದ ಕಣಗಳನ್ನೂ ಹೊತ್ತು ತರುತ್ತದೆ. ಅದನ್ನು ನಂಬಿಕೊಂಡು ಹವಳಗಳು ಬೆಳೆಯುತ್ತವೆ, ಮೀನುಗಳು ಗುಂಪು ಸೇರುತ್ತವೆ. ಇವು ಬಿಸಿಲು ಬೇಕಾದ ಹವಳಗಳಲ್ಲ. ಕತ್ತಲಲ್ಲಿ, ಕೊರೆಯುವ ನೀರಿನಲ್ಲಿ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುವಂಥವು.

ನಮ್ಮ ಕಥಾನಾಯಕನ ಹೆಸರು ಆರೆಂಜ್ ರಫಿ. ಕೆಂಪು ಇಟ್ಟಿಗೆ ಬಣ್ಣದ ಮೀನು. ಇದರ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ಸ್ಲೈಮ್‌ಹೆಡ್ ಅಂತ ಹೆಸರು, ಅಂದರೆ ಲೋಳೆತಲೆ. ಲೋಳೆತಲೆ ಅಂದರೆ ಹೋಟೆಲಿನಲ್ಲಿ ಯಾರು ತಿನ್ನುತ್ತಾರೆ? ಮಾರುಕಟ್ಟೆಗೆ ಹೊಸ ಹೆಸರು ಚೆನ್ನಾಗಿಯೇ ಕೆಲಸ ಮಾಡಿತು :-) 1970ರ ದಶಕದ ಕೊನೆಗೆ ನ್ಯೂಜಿಲೆಂಡಿನಲ್ಲಿ ಇದರ ದೊಡ್ಡ ಬೇಟೆ ಶುರುವಾಯಿತು. 1989ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಬಳಿ, ಸೇಂಟ್ ಹೆಲೆನ್ಸ್ ಎಂಬ ಕಡಲಡಿಯ ಬೆಟ್ಟದ ಮೇಲೆ ಮೊಟ್ಟೆ ಇಡಲು ಸೇರುವ ಭಾರೀ ಗುಂಪು ಸಿಕ್ಕಿತು. ಮರುವರ್ಷವೇ ಆ ದೇಶದ ಹಡಗುಗಳು ಸುಮಾರು 40,000 ಟನ್ ಬಾಚಿದವು.

ಎಷ್ಟು ಹಿಡಿದರೆ ಮೀನು ಉಳಿಯುತ್ತದೆ ಅಂತ ಲೆಕ್ಕ ಹಾಕಬೇಕಾದರೆ ಅದು ಎಷ್ಟು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ ಅನ್ನುವುದು ಗೊತ್ತಿರಬೇಕು. ಬೇರೆ ಮೀನುಗಳಂತೆ ಇದೂ ಬೇಗ ಬೆಳೆಯುತ್ತದೆ ಅಂತ ಶುರುವಿನಲ್ಲಿ ಅಂದುಕೊಂಡಿದ್ದರು. 1991ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿರುವ ವಿಕಿರಣಶೀಲ ಸೀಸ ಮತ್ತು ರೇಡಿಯಂ ಪ್ರಮಾಣ ಅಳೆದು ವಯಸ್ಸು ಹೇಳಿದರು: ಪ್ರಾಯಕ್ಕೆ ಬರಲು ಸುಮಾರು 32 ವರ್ಷ, 40 ಸೆಂಟಿಮೀಟರ್ ಹತ್ತಿರದ ಮೀನಿಗೆ 77ರಿಂದ 149 ವರ್ಷ!

ಒಂದು ಕ್ಷಣ ಯೋಚಿಸಿ. 1990ರಲ್ಲಿ ಬಲೆಗೆ ಬಿದ್ದ 149 ವರ್ಷದ ಮೀನು ಹುಟ್ಟಿದ್ದು 1841ರಲ್ಲಿ. ಆಗ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್. ಕಬ್ಬನ್ ಪಾರ್ಕ್ ಇನ್ನೂ ಆಗಿರಲಿಲ್ಲ!

ಈ ಲೆಕ್ಕ ಬರುವ ಹೊತ್ತಿಗೆ ಬಲೆಗಳು ಕೆಲಸ ಮುಗಿಸುತ್ತಾ ಬಂದಿದ್ದವು. ಹೋದದ್ದು ಮೀನಷ್ಟೇ ಅಲ್ಲ. ಟ್ರಾಲ್ ಬಲೆ ತಳವನ್ನು ಉಜ್ಜಿಕೊಂಡೇ ಹೋಗುತ್ತದೆ. 1997ರಲ್ಲಿ ಟೋನಿ ಕಾಸ್ಲೋ ಮತ್ತು ಸಂಗಡಿಗರು ಟಾಸ್ಮೇನಿಯಾದ ದಕ್ಷಿಣಕ್ಕಿರುವ ಇಂಥ ಬೆಟ್ಟಗಳ ಫೋಟೋ ತೆಗೆದರು. ಬಲೆ ಹೆಚ್ಚು ಎಳೆದ ಕಡೆ ಬಹುಪಾಲು ಬೋಳು ಬಂಡೆ, ಹವಳದ ಪುಡಿ. ಬಲೆ ಮುಟ್ಟದ ಕಡೆ ಜೀವರಾಶಿಯ ತೂಕ ಅದರ ಎರಡರಷ್ಟು. ಅಲ್ಲಿ ಸಿಕ್ಕ ಎಷ್ಟೋ ಜೀವಿಗಳಿಗೆ ವಿಜ್ಞಾನದಲ್ಲಿ ಇನ್ನೂ ಹೆಸರೇ ಇರಲಿಲ್ಲ.

1999ರಲ್ಲಿ ಅಲ್ಲಿನ ಕೆಲವು ಬೆಟ್ಟಗಳನ್ನು ರಕ್ಷಿತ ಪ್ರದೇಶ ಮಾಡಿದರು. 2006ರಲ್ಲಿ ಆಸ್ಟ್ರೇಲಿಯಾ ಆರೆಂಜ್ ರಫಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ! ಪೂರ್ತಿ ವ್ಯರ್ಥ ಅನ್ನಲಾರೆ. ಮೀನು ಸ್ವಲ್ಪ ಚೇತರಿಸಿಕೊಂಡಿತು ಅಂತ 2015ರಲ್ಲಿ ಪೂರ್ವ ಭಾಗದಲ್ಲಿ ಮಿತಿ ಹಾಕಿ ಮತ್ತೆ ಹಿಡಿಯಲು ಬಿಟ್ಟರು. ಹವಳದ ಕಥೆ ಬೇರೆ. 2018ರಲ್ಲಿ ಇನ್ವೆಸ್ಟಿಗೇಟರ್ ಎಂಬ ಸಂಶೋಧನಾ ಹಡಗು ಹೋಗಿ ನೋಡಿದಾಗ, ಬಲೆ ನಿಂತು ಇಪ್ಪತ್ತು ವರ್ಷ ಕಳೆದಿದ್ದರೂ ಹವಳದ ಸಮುದಾಯ ಮರಳಿ ಬಂದಿರಲಿಲ್ಲ. ಅಲ್ಲೊಂದು ಇಲ್ಲೊಂದು ಜೀವಿ ಮಾತ್ರ ನೆಲೆಯೂರಲು ಶುರುಮಾಡಿತ್ತು.

ನಮ್ಮ ಐಟಿ ಜನಕ್ಕೆ ಒಂದು ಅಭ್ಯಾಸವಿದೆ. ಮೊದಲು ರಿಲೀಸ್ ಮಾಡು, ಬಗ್ ಬಂದರೆ ಆಮೇಲೆ ನೋಡೋಣ. ಸಾಫ್ಟ್‌ವೇರಿನಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಹಳೆಯ ಪ್ರತಿ ಎಲ್ಲೋ ಒಂದು ಕಡೆ ಭದ್ರವಾಗಿರುತ್ತದೆ. ಬೆಟ್ಟದ ಹವಳಕ್ಕೆ ಬ್ಯಾಕಪ್ ಎಲ್ಲಿಂದ ತರೋಣ?

ಇದು ಬರೀ ಮುಗಿದ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಂಥ ಬೆಟ್ಟಗಳ ಬಂಡೆಯ ಮೇಲೆ ಕೋಬಾಲ್ಟ್ ಇರುವ ಪದರ ಕಟ್ಟಿರುತ್ತದೆ. ಬ್ಯಾಟರಿಗೆ ಬೇಕಾದ ಲೋಹ. 2024ರಲ್ಲಿ ಭಾರತವೂ ಹಿಂದೂ ಮಹಾಸಾಗರದ ಒಂದು ಸೀಮೌಂಟಿನಲ್ಲಿ ಅದನ್ನು ಹುಡುಕಲು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿತು. ಆ ಬೆಟ್ಟದ ಹೆಸರು ಅಫನಾಸಿ ನಿಕಿಟಿನ್. ಹೌದು, ಬಹಮನಿಗಳ ಕಾಲದಲ್ಲಿ ನಮ್ಮ ಬೀದರಿಗೆ ಬಂದು ಅಲ್ಲಿ ಕಂಡದ್ದನ್ನು ಬರೆದಿಟ್ಟ ಅದೇ ರಷ್ಯಾದ ವ್ಯಾಪಾರಿ! ಅವನ ಹೆಸರಿನ ಬೆಟ್ಟದ ಮೇಲೆ ಯಾರಿದ್ದಾರೆ, ಅವರ ವಯಸ್ಸೆಷ್ಟು ಅಂತ ಈ ಸಲವಾದರೂ ಯಂತ್ರ ಇಳಿಸುವ ಮುಂಚೆ ಕೇಳಬೇಕು ಅನ್ನುವುದಷ್ಟೇ ನನ್ನ ಆಸೆ.