ಮ್ಯಾಕುಲಾ ಕ್ಷೀಣತೆ: ಜೀವಕೋಶದ ಸಂಕೇತವನ್ನು ತಡೆದು ದೃಷ್ಟಿ ಉಳಿಸುವ ಚಿಕಿತ್ಸೆ

ಪೀಠಿಕೆ

ವಯಸ್ಸಿಗೆ ಸಂಬಂಧಿಸಿದ ಮ್ಯಾಕುಲಾ ಕ್ಷೀಣತೆಯು ಸಾಮಾನ್ಯವಾಗಿ 50 ವರ್ಷ ಮೀರಿದವರಲ್ಲಿ ಕಂಡುಬರುವ ಕಣ್ಣಿನ ರೋಗವಾಗಿರುತ್ತದೆ. ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ, ಅಂದರೆ ರೆಟಿನಾದ, ನಡುಭಾಗಕ್ಕೆ ಮ್ಯಾಕುಲಾ ಎಂದು ಹೆಸರು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಮೊದಲಾದ ಸೂಕ್ಷ್ಮ ನೋಟವೆಲ್ಲವೂ ಈ ಸಣ್ಣ ಭಾಗವನ್ನೇ ಅವಲಂಬಿಸಿದೆ. ಇದು ಕ್ಷೀಣಿಸಿದಾಗ ನಡುನೋಟ ಮಸುಕಾಗುತ್ತದೆ. ಅಂಚಿನ ನೋಟ ಉಳಿದಿರುತ್ತದೆ. ರೋಗಿಯು ಮನೆಯೊಳಗೆ ಓಡಾಡಿಕೊಂಡೇ ಇರುವುದರಿಂದ, ವಯಸ್ಸಾಯಿತು ಎಂದೋ, ಪೊರೆ ಬಂದಿರಬೇಕು, ಬಲಿತ ಮೇಲೆ ನೋಡೋಣ ಎಂದೋ ಮನೆಯವರು ಸುಮ್ಮನಾಗುವುದುಂಟು. ಪೊರೆಯಿಂದ ಮಂಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಮರಳಿ ಪಡೆಯಬಹುದು. ಈ ರೋಗದಲ್ಲಿ ಕಾಯುವುದರಿಂದ ಆಗುವ ನಷ್ಟವು ಮರಳಿ ಬರುವಂಥದ್ದಲ್ಲ.

ರೋಗದ ಎರಡು ವಿಧ

ಈ ರೋಗದಲ್ಲಿ ಶುಷ್ಕ ಮತ್ತು ಆರ್ದ್ರ ಎಂಬ ಎರಡು ವಿಧಗಳಿವೆ. ರೋಗಿಗಳಲ್ಲಿ ಬಹುಪಾಲು ಜನರದು ಶುಷ್ಕ ವಿಧ. ಅದು ವರ್ಷಾನುಗಟ್ಟಲೆ ನಿಧಾನವಾಗಿ ಮುಂದುವರಿಯುತ್ತದೆ. ಆರ್ದ್ರ ವಿಧವು ನೂರಕ್ಕೆ 10ರಿಂದ 15 ರೋಗಿಗಳಲ್ಲಿ ಮಾತ್ರ ಕಂಡುಬಂದರೂ, ಈ ರೋಗದಿಂದ ಉಂಟಾಗುವ ತೀವ್ರ ದೃಷ್ಟಿನಾಶದ ಹೆಚ್ಚಿನ ಪಾಲು ಅದರದೇ ಆಗಿತ್ತು. ಇದರಲ್ಲಿ ಅಕ್ಷಿಪಟಲದ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಅವು ದುರ್ಬಲವಾಗಿದ್ದು, ಅವುಗಳಿಂದ ದ್ರವ ಮತ್ತು ರಕ್ತ ಸೋರುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಆ ಜಾಗದಲ್ಲಿ ಕಲೆಗಟ್ಟಿ, ನಡುನೋಟ ಶಾಶ್ವತವಾಗಿ ಹೋಗಬಹುದು.

ಸಂಕೇತ ಮತ್ತು ಅದರ ತಡೆ

ಹೊಸ ರಕ್ತನಾಳಗಳು ತಾವಾಗಿಯೇ ಬೆಳೆಯುವುದಿಲ್ಲ; ಅವುಗಳಿಗೆ ಆದೇಶ ಬೇಕು. ಆ ಆದೇಶವನ್ನು ಒಯ್ಯುವ ಪ್ರಮುಖ ಪ್ರೋಟೀನಿಗೆ ರಕ್ತನಾಳ ಒಳಪದರದ ಬೆಳವಣಿಗೆಯ ಅಂಶ, ಸಂಕ್ಷಿಪ್ತವಾಗಿ ವಿ.ಇ.ಜಿ.ಎಫ್., ಎನ್ನುತ್ತಾರೆ. ಜೀವಕೋಶಗಳು ಇದನ್ನು ಹೊರಸೂಸುತ್ತವೆ. ಅದು ಸಮೀಪದ ರಕ್ತನಾಳದ ಒಳಪದರದ ಕೋಶಗಳ ಮೇಲಿರುವ ಗ್ರಾಹಕ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಆಗ ಎರಡು ಗ್ರಾಹಕಗಳು ಜೋಡಿಯಾಗಿ ಎಚ್ಚೆತ್ತು, ಕೋಶದೊಳಗಿನ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸಂಕೇತ ಸಾಗುತ್ತದೆ. ಕೊನೆಯಲ್ಲಿ ಕೋಶಗಳು ವಿಭಜಿಸುತ್ತವೆ, ಮುಂದೆ ಸರಿಯುತ್ತವೆ, ಅವುಗಳ ನಡುವಿನ ಬೆಸುಗೆ ಸಡಿಲವಾಗಿ ನಾಳ ಸೋರತೊಡಗುತ್ತದೆ.

ಕಚೇರಿಯ ಟಪಾಲಿಗೆ ಇದನ್ನು ಹೋಲಿಸಬಹುದು. ಪತ್ರ ಮೇಜಿಗೆ ತಲುಪಿದ ಮೇಲೆ ಕಡತ ತೆರೆದು ಕೆಲಸ ಆರಂಭವಾಗುತ್ತದೆ. ಪತ್ರವನ್ನು ದಾರಿಯಲ್ಲಿಯೇ ತಡೆದರೆ ಕಡತವೇ ತೆರೆಯುವುದಿಲ್ಲ. ಇಂದು ಬಳಕೆಯಲ್ಲಿರುವ ಚುಚ್ಚುಮದ್ದುಗಳು ಮಾಡುವುದು ಇಷ್ಟನ್ನೇ. ಅವು ಕಣ್ಣಿನೊಳಗೆ ವಿ.ಇ.ಜಿ.ಎಫ್. ಅನ್ನು ಹಿಡಿದಿಟ್ಟು ಗ್ರಾಹಕಕ್ಕೆ ತಲುಪದಂತೆ ಮಾಡುತ್ತವೆ. ಆದರೆ ಪತ್ರ ಬರೆಯುವವರು ಬರೆಯುತ್ತಲೇ ಇರುತ್ತಾರೆ ಎಂಬುದನ್ನು ಮರೆಯಬಾರದು.

ಸಂಶೋಧನೆಯ ಹಿನ್ನೆಲೆ

ರಕ್ತ ಸಾಲದ ಅಕ್ಷಿಪಟಲವು ಹೊಸ ನಾಳಗಳನ್ನು ಕರೆಯುವ ಯಾವುದೋ ವಸ್ತುವನ್ನು ಹೊರಬಿಡುತ್ತಿರಬೇಕೆಂದು 1948ರಲ್ಲಿಯೇ ನೇತ್ರತಜ್ಞ ಐಸಾಕ್ ಮೈಕೆಲ್ಸನ್ ಊಹಿಸಿದ್ದರು. ಆ ವಸ್ತು ಯಾವುದೆಂದು ತಿಳಿಯಲು ನಾಲ್ಕು ದಶಕಗಳು ಬೇಕಾದವು. 1983ರಲ್ಲಿ ಅಮೆರಿಕದ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಸಂಗಡಿಗರು ಗಡ್ಡೆಗಳಲ್ಲಿ ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ವರದಿ ಮಾಡಿದರು. 1989ರಲ್ಲಿ ಜೆನೆನ್‌ಟೆಕ್ ಸಂಸ್ಥೆಯ ನೆಪೋಲಿಯೋನ್ ಫೆರಾರ ಅವರು ವಿ.ಇ.ಜಿ.ಎಫ್. ಅನ್ನು ಬೇರ್ಪಡಿಸಿದಾಗ ಎರಡೂ ಒಂದೇ ಎಂದು ತಿಳಿದುಬಂದಿತು. ಈ ಕಾರ್ಯಕ್ಕಾಗಿ ಫೆರಾರ ಅವರಿಗೆ 2010ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು. ಉದ್ದೇಶ ಕ್ಯಾನ್ಸರ್ ಚಿಕಿತ್ಸೆಯಾಗಿತ್ತು; ಅದರ ದೊಡ್ಡ ಫಲ ದೊರೆತದ್ದು ಕಣ್ಣಿಗೆ.

2004ರ ಡಿಸೆಂಬರ್‌ನಲ್ಲಿ ಪೆಗಾಪ್ಟನಿಬ್, 2006ರ ಜೂನ್‌ನಲ್ಲಿ ರಾನಿಬಿಝುಮ್ಯಾಬ್ ಅಮೆರಿಕದಲ್ಲಿ ಅನುಮೋದನೆ ಪಡೆದವು. ಅದಕ್ಕೆ ಮುನ್ನ ಇದ್ದ ಲೇಸರ್ ಮೊದಲಾದ ಚಿಕಿತ್ಸೆಗಳು ಹೆಚ್ಚೆಂದರೆ ನಷ್ಟವನ್ನು ನಿಧಾನಗೊಳಿಸುತ್ತಿದ್ದವು. 716 ರೋಗಿಗಳನ್ನೊಳಗೊಂಡ ಮರೀನಾ ಎಂಬ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ತಿಂಗಳಿಗೊಮ್ಮೆ ರಾನಿಬಿಝುಮ್ಯಾಬ್ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಒಂದು ವರ್ಷದ ಕೊನೆಗೆ ಗಣನೀಯ ದೃಷ್ಟಿನಷ್ಟದಿಂದ ಪಾರಾಗಿದ್ದರು. ಔಷಧ ಪಡೆಯದವರಲ್ಲಿ ಈ ಪ್ರಮಾಣ 62 ಆಗಿತ್ತು. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಿಗೆ ದೃಷ್ಟಿಫಲಕದ 15 ಅಥವಾ ಅದಕ್ಕೂ ಹೆಚ್ಚು ಅಕ್ಷರಗಳಷ್ಟು ನೋಟ ಸುಧಾರಿಸಿತು.

ವೆಚ್ಚದ ವಿಚಾರ

ಅದೇ ಸಂಸ್ಥೆಯ ಬೆವಾಸಿಝುಮ್ಯಾಬ್ 2004ರಲ್ಲಿ ಕರುಳಿನ ಕ್ಯಾನ್ಸರಿಗೆ ಅನುಮೋದನೆ ಪಡೆದ ಔಷಧ. ಅದೂ ವಿ.ಇ.ಜಿ.ಎಫ್. ಅನ್ನೇ ತಡೆಯುವುದರಿಂದ 2005ರಿಂದ ನೇತ್ರತಜ್ಞರು ಅದರ ಅಲ್ಪ ಪ್ರಮಾಣವನ್ನು ಕಣ್ಣಿಗೆ ಬಳಸತೊಡಗಿದರು. ಅಮೆರಿಕದಲ್ಲಿ ಆಗ ರಾನಿಬಿಝುಮ್ಯಾಬ್‌ನ ಒಂದು ಚುಚ್ಚುಮದ್ದಿಗೆ ಸುಮಾರು 2,000 ಡಾಲರ್, ಇದಕ್ಕೆ ಸುಮಾರು 50 ಡಾಲರ್. ಕಡಿಮೆ ಬೆಲೆಯದು ಕಡಿಮೆ ಗುಣದ್ದೇ ಎಂಬ ಸಂದೇಹ ಸಹಜ. ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆಯ ನೆರವಿನಿಂದ ಸುಮಾರು 1,200 ರೋಗಿಗಳಲ್ಲಿ ನಡೆದ ಹೋಲಿಕೆಯ ಫಲಿತಾಂಶ 2011ರಲ್ಲಿ ಹೊರಬಂದಿತು: ಒಂದೇ ವೇಳಾಪಟ್ಟಿಯಲ್ಲಿ ನೀಡಿದಾಗ ದೃಷ್ಟಿಯ ಮೇಲಿನ ಪರಿಣಾಮ ಸಮಾನ. ಆಸ್ಪತ್ರೆಗೆ ದಾಖಲಾಗಬೇಕಾದಂಥ ತೊಂದರೆಗಳು ಬೆವಾಸಿಝುಮ್ಯಾಬ್ ಪಡೆದವರಲ್ಲಿ ತುಸು ಹೆಚ್ಚಾಗಿ ಕಂಡವಾದರೂ ಅವು ಔಷಧದಿಂದಲೇ ಆದವೆಂದು ಸ್ಥಾಪಿತವಾಗಲಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಕಣ್ಣಿನ ಬಳಕೆಗಾಗಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ದೊಡ್ಡ ಸೀಸೆಯಿಂದ ಸಣ್ಣ ಭಾಗಗಳಾಗಿ ಹಂಚಿ ಬಳಸುವ ಔಷಧವಾದ್ದರಿಂದ, ಹಂಚುವಾಗ ಸೋಂಕು ತಗುಲದಂತೆ ನೋಡಿಕೊಳ್ಳುವುದು ಅತ್ಯಂತ ಮುಖ್ಯ.

2015ರಲ್ಲಿ ಭಾರತದ ಇಂಟಾಸ್ ಸಂಸ್ಥೆಯು ರಾನಿಬಿಝುಮ್ಯಾಬ್‌ಗೆ ಸಮಾನವಾದ ಜೈವಿಕ ಔಷಧವನ್ನು ತಯಾರಿಸಿ ದೇಶದಲ್ಲಿ ಬಿಡುಗಡೆ ಮಾಡಿತು. ಮಧುಮೇಹದಿಂದ ಮ್ಯಾಕುಲಾದಲ್ಲಿ ಉಂಟಾಗುವ ಊತಕ್ಕೂ ಈ ಗುಂಪಿನ ಔಷಧಗಳೇ ಬಳಕೆಯಲ್ಲಿರುವುದರಿಂದ, ಬೆಲೆಯ ಪ್ರಶ್ನೆ ನಮ್ಮಲ್ಲಿ ವೃದ್ಧರಿಗಷ್ಟೇ ಸೀಮಿತವಲ್ಲ.

ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು

ಚುಚ್ಚುಮದ್ದು ಸಂಕೇತವನ್ನು ತಡೆಯುತ್ತದೆಯೇ ವಿನಾ ಸಂಕೇತದ ಮೂಲವನ್ನು ನಿವಾರಿಸುವುದಿಲ್ಲ. ಕೆಲವು ವಾರಗಳಲ್ಲಿ ಔಷಧದ ಪ್ರಭಾವ ಇಳಿದಂತೆ ಸೋರಿಕೆ ಮರುಕಳಿಸಬಹುದು. ಎರಡು ಮೂರು ಚುಚ್ಚುಮದ್ದುಗಳ ನಂತರ ನೋಟ ಚೆನ್ನಾಗಿದೆ ಎಂದು ಆಸ್ಪತ್ರೆಗೆ ಹೋಗುವುದನ್ನು ಬಿಡುವವರು ಕಳೆದುಕೊಳ್ಳುವುದು ಇಲ್ಲಿಯೇ. ಮರೀನಾ ಮತ್ತು ಅಂಥ ಪರೀಕ್ಷೆಗಳಲ್ಲಿ ಭಾಗವಹಿಸಿದ್ದ ಕೆಲವರನ್ನು ಸುಮಾರು ಏಳು ವರ್ಷಗಳ ನಂತರ ಪುನಃ ಪರಿಶೀಲಿಸಲಾಯಿತು. ಪರೀಕ್ಷೆ ಮುಗಿದ ಮೇಲೆ ಅವರಿಗೆ ದೊರೆತ ಚುಚ್ಚುಮದ್ದುಗಳು ಬಹಳ ಕಡಿಮೆಯಾಗಿದ್ದು, ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವರ ದೃಷ್ಟಿ ತೀರ ಕುಗ್ಗಿತ್ತು. ಅಂತರವನ್ನು ಹೆಚ್ಚಿಸುವ ಯತ್ನವಾಗಿ 2011ರಲ್ಲಿ ಅಫ್ಲಿಬರ್ಸೆಪ್ಟ್, 2022ರಲ್ಲಿ ವಿ.ಇ.ಜಿ.ಎಫ್. ಜೊತೆಗೆ ಮತ್ತೊಂದು ಸಂಕೇತವನ್ನೂ ತಡೆಯುವ ಫಾರಿಸಿಮ್ಯಾಬ್ ಅನುಮೋದನೆ ಪಡೆದವು. ಎಷ್ಟು ವಾರಕ್ಕೊಮ್ಮೆ ಎಂಬುದನ್ನು ಓ.ಸಿ.ಟಿ. ಸ್ಕ್ಯಾನ್ ನೋಡಿ ತಜ್ಞರೇ ನಿರ್ಧರಿಸತಕ್ಕದ್ದು.

ಶುಷ್ಕ ವಿಧದ ಬಗ್ಗೆ

ಮೇಲ್ಕಂಡ ಚುಚ್ಚುಮದ್ದುಗಳು ಶುಷ್ಕ ವಿಧಕ್ಕೆ ಅನ್ವಯಿಸುವುದಿಲ್ಲ. ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಎಂಬ ಸರಣಿಯನ್ನು ತಡೆಯುವ ಎರಡು ಔಷಧಗಳು 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಿವೆ. ಅವು ಕ್ಷೀಣತೆಯ ವೇಗವನ್ನು ತಗ್ಗಿಸುತ್ತವೆ, ಕಳೆದ ದೃಷ್ಟಿಯನ್ನು ತಂದುಕೊಡುವುದಿಲ್ಲ. ಮರಳಿ ದೃಷ್ಟಿ ಬರುವುದೆಂಬ ಜಾಹೀರಾತುಗಳಿಗೆ ಹಣ ತೆರುವ ಮುನ್ನ ಇದನ್ನು ನೆನಪಿಡುವುದು ಒಳಿತು. ಧೂಮಪಾನ ತ್ಯಜಿಸುವುದು ಎರಡೂ ವಿಧಗಳಲ್ಲಿ ಪ್ರಯೋಜನಕಾರಿ.

ಸಾರ್ವಜನಿಕರು ಗಮನಿಸಬೇಕಾದುದು

ಬಾಗಿಲ ಚೌಕಟ್ಟು, ಕಿಟಕಿಯ ಸರಳು ಅಥವಾ ಕ್ಯಾಲೆಂಡರಿನ ಗೆರೆಗಳನ್ನು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಬೇಕು; ಓದುವ ಕನ್ನಡಕವಿದ್ದಲ್ಲಿ ಹತ್ತಿರದ ಗೆರೆಗಳಿಗೆ ಅದನ್ನು ಧರಿಸಬೇಕು. ನೇರ ಗೆರೆ ಡೊಂಕಾಗಿ ಕಂಡರೆ ಅಥವಾ ನಡುವೆ ಕಪ್ಪು ಚುಕ್ಕೆ ತೋರಿದರೆ, ಅದೇ ವಾರದಲ್ಲಿ ಅಕ್ಷಿಪಟಲ ತಜ್ಞರಿಗೆ ತೋರಿಸತಕ್ಕದ್ದು. ಎರಡೂ ಕಣ್ಣು ತೆರೆದು ನೋಡಿದಲ್ಲಿ ಒಳ್ಳೆಯ ಕಣ್ಣು ದೋಷವನ್ನು ಮರೆಮಾಡುತ್ತದೆ. ಹತ್ತಿರದ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಅಥವಾ ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಚುಚ್ಚುಮದ್ದಿನ ನಂತರ ಕಣ್ಣಿನೊಳಗೆ ಸೋಂಕಾಗುವುದು ವಿರಳ. ಸಾವಿರ ಚುಚ್ಚುಮದ್ದುಗಳಲ್ಲಿ ಒಂದಕ್ಕಿಂತ ಕಡಿಮೆ. ಆದರೂ ಮೊದಲ ಕೆಲವು ದಿನಗಳಲ್ಲಿ ನೋವು ಅಥವಾ ಕೆಂಪು ಹೆಚ್ಚುತ್ತಾ ಹೋದರೆ, ನೋಟ ಕುಗ್ಗಿದರೆ, ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ತೆರಳಬೇಕು.